ಜುನ್ನರದ ಮಳೆ, ಬಾಕಿ ಉಳಿದ ಫೋಟೋಗಳು

(ಮಹಿಳಾ ವೇದಿಕೆಯ ತಿಂಗಳ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)



"ಮಳೆಯಲ್ಲಿ ಫೋಟೋ ತೆಗೆಯೋದು ಹೇಗೆ ಅಂತ ಅರ್ಧ ಗಂಟೆ ಮಾತಾಡಮ್ಮ" ಎಂದು ಕಾರ್ಯದರ್ಶಿ ಅಕ್ಕ ಫೋನ್ ಮಾಡಿದಾಗ ತಕ್ಷಣ ಹೂಂ ಅಂದುಬಿಟ್ಟೆ. ಆಫೀಸಿನಲ್ಲಿ ದಿನಾ ಪ್ರೆಸೆಂಟೇಶನ್ ಕೊಡುವವಳಿಗೆ ಇದೇನು ಮಹಾ ಅನ್ನುವ ಧೈರ್ಯ. ಇಪ್ಪತ್ತು ಸ್ಲೈಡ್ ಮಾಡಿಯೂ ಇಟ್ಟಿದ್ದೆ. ಆಮೇಲೆ ಜುಲೈನಲ್ಲಿ ನಾವು ನಾಲ್ವರು ಜುನ್ನರಕ್ಕೆ ಹೋಗಿ ಬಂದೆವು. ಬಂದ ಮೇಲೆ ಅದರಲ್ಲಿ ಹದಿನೈದು ಸ್ಲೈಡ್ ಅಳಿಸಿದೆ. ಉಳಿದ ಐದನ್ನು ಮೊದಲು ಮುಗಿಸಿಬಿಡುತ್ತೇನೆ, ಕೇಳಿದ್ದನ್ನು ಕೊಡದೆ ಹೋದರೆ ಅಕ್ಕ ಬಿಡುವುದಿಲ್ಲ.

ಹೋಟೆಲಿನಲ್ಲಿ ಕೊಡುವ ಶವರ್ ಕ್ಯಾಪ್ ಇದೆಯಲ್ಲ, ಅದನ್ನು ಎಸೆಯಬೇಡಿ, ಕ್ಯಾಮೆರಾಕ್ಕೆ ಅಷ್ಟು ಚೆನ್ನಾಗಿ ಕೂರುವ ರೇನ್‌ಕೋಟು ಬೇರೆ ಇಲ್ಲ. ಎಸಿ ಕಾರಿನಿಂದ ಇಳಿದ ಕೂಡಲೇ ಕ್ಯಾಮೆರಾ ಹೊರಗೆ ತೆಗೆಯಬೇಡಿ. ತಣ್ಣಗಿರುವ ಲೆನ್ಸಿನ ಮೇಲೆ ಹೊರಗಿನ ತೇವ ಕೂತು ಮಂಜು ಕಟ್ಟುತ್ತದೆ, ಒರೆಸಿದಷ್ಟೂ ಮತ್ತೆ ಕಟ್ಟುತ್ತದೆ. ಊರು ಕಾಲು ಗಂಟೆ ದೂರ ಇರುವಾಗಲೇ ಎಸಿ ಆರಿಸಿ, ಬ್ಯಾಗಿನ ಬಾಯಿ ತೆರೆದಿಡಿ. ಸೆರಗು, ದುಪಟ್ಟಾದಿಂದ ಲೆನ್ಸ್ ಒರೆಸಬಾರದು. ಒರೆಸುವವರೆಲ್ಲ ಈಗ ನನ್ನ ಮುಖ ನೋಡುತ್ತಿದ್ದೀರಿ, ಗೊತ್ತು. ಮಳೆಯ ಹನಿ ಫೋಟೋದಲ್ಲಿ ಕಾಣಬೇಕಾದರೆ ಹಿಂದೆ ಕಪ್ಪು ಬೇಕು. ಕತ್ತಲೆಯ ಬಾಗಿಲು, ಕರೀ ಕೊಡೆ, ಹಳೇ ಮರದ ಕಂಬ, ಯಾವುದಾದರೂ ಆದೀತು. ಬೆಳ್ಳಗಿನ ಆಕಾಶದ ಮುಂದೆ ಎಷ್ಟು ಜೋರು ಮಳೆಯೂ ಕಾಣುವುದಿಲ್ಲ. ಶಟರ್ ವೇಗ 1/500 ಇಟ್ಟರೆ ಹನಿ ಹನಿಯಾಗಿ ನಿಲ್ಲುತ್ತದೆ, 1/30ಕ್ಕೆ ಇಳಿಸಿದರೆ ದಾರದಂತೆ ಇಳಿಯುತ್ತದೆ. ಫೋನಿನ ಪ್ರೋ ಮೋಡ್‌ನಲ್ಲೂ ಇದನ್ನು ಮಾಡಬಹುದು. ಒದ್ದೆಯಾದ ಫೋನನ್ನು ಅಕ್ಕಿ ಡಬ್ಬಿಯಲ್ಲಿ ಹೂಳಬೇಡಿ, ಅಕ್ಕಿಯ ಹುಡಿ ಚಾರ್ಜಿಂಗ್ ತೂತಿಗೆ ಹೋಗುವುದೊಂದೇ ಲಾಭ. ಫ್ಯಾನಿನ ಕೆಳಗೆ ಇಟ್ಟು ಸುಮ್ಮನಿರಿ.

ಐದು ಸ್ಲೈಡ್ ಆಯಿತು. ಈಗ ಜುನ್ನರ.

ಪುಣೆಯಿಂದ ಜುನ್ನರಕ್ಕೆ ಸುಮಾರು 90 ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಹೊರಟು ನಾಸಿಕ್ ರಸ್ತೆ ಹಿಡಿದು ರಾಜಗುರುನಗರ, ಮಂಚರ್ ದಾಟಿ ನಾರಾಯಣಗಾಂವ್‌ನಲ್ಲಿ ಮಿಸಳ್ ತಿಂದು ಎಡಕ್ಕೆ ತಿರುಗಿದೆವು. ಕಾರು ನನ್ನದು. ಜೊತೆಗೆ ನಮ್ಮ ಸಂಘದ ಇಬ್ಬರು ಗೆಳತಿಯರು, ಮತ್ತು ನಮ್ಮ ಸೊಸೈಟಿಯ ಕಾಕೂ. ಕಾಕೂ ಬ್ಯಾಂಕಿನಿಂದ ನಿವೃತ್ತರು. ಅವರ ಮರಾಠಿ ಕೇಳಿದರೆ ಧಾರವಾಡದವರು ಅಂತ ಯಾರೂ ಹೇಳಲಾರರು. ನನ್ನ ಮರಾಠಿ ಇನ್ನೂ ಕಲಬುರಗಿ ಬಸ್‌ಸ್ಟ್ಯಾಂಡ್ ಬಿಟ್ಟು ಹೊರಟಿಲ್ಲ.

ಜುನ್ನರ ಅಂದರೆ ಎಲ್ಲರಿಗೂ ನೆನಪಾಗುವುದು ಶಿವನೇರಿ, 1630ರಲ್ಲಿ ಶಿವಾಜಿ ಮಹಾರಾಜರು ಹುಟ್ಟಿದ ಕೋಟೆ. ಅದು ಊರಿನ ನೆತ್ತಿಯ ಮೇಲೇ ಇದೆ. ನಾವು ಹೋದ ದಿನ ಮಾತ್ರ ಇರಲಿಲ್ಲ, ಪೂರ್ತಿ ಮೋಡ ನುಂಗಿತ್ತು. "ಕೋಟೆ ಎಲ್ಲಿ?" ಎಂದು ಕೇಳಿದರೆ ಅಂಗಡಿಯವರು ಬೆಳ್ಳಗಿನ ಕಡೆ ಕೈ ತೋರಿಸುತ್ತಿದ್ದರು. ನನಗೆ ಅದರಿಂದ ಬೇಸರವೇನೂ ಆಗಲಿಲ್ಲ. ನಾನು ಬಂದದ್ದು ಪೇಟೆ ನೋಡಲಿಕ್ಕೆ, ಅದೂ ಸಂತೆಯ ದಿನ.

ಕೋಟೆಗಿಂತ ಈ ಪೇಟೆ ಬಹಳ ಹಳೆಯದು. ಶಾತವಾಹನರ ಕಾಲದಲ್ಲಿ ಕಲ್ಯಾಣ, ಸೋಪಾರಾ ಬಂದರುಗಳಲ್ಲಿ ಇಳಿದ ಸರಕು ನಾಣೆಘಾಟ್ ಹತ್ತಿ ಜುನ್ನರಕ್ಕೆ ಬರುತ್ತಿತ್ತು, ಇಲ್ಲಿಂದ ಪೈಠಣದ ಕಡೆ ಹೋಗುತ್ತಿತ್ತು. ಊರಿನ ಸುತ್ತಲ ಗುಡ್ಡಗಳಲ್ಲಿ ಇನ್ನೂರಕ್ಕೂ ಹೆಚ್ಚು ಗುಹೆಗಳನ್ನು ಕೊರೆದಿದ್ದಾರೆ, ಹೆಚ್ಚಿನವು ಬೌದ್ಧ ಭಿಕ್ಷುಗಳಿಗಾಗಿ. ಅಷ್ಟವಿನಾಯಕ ಯಾತ್ರೆಗೆ ಹೋದವರು ಲೇಣ್ಯಾದ್ರಿಯ ಮೆಟ್ಟಿಲು ಹತ್ತಿದ್ದೀರಲ್ಲ, ಅಲ್ಲಿ ಗಣಪತಿ ಇರುವುದೂ ಅಂಥದೇ ಒಂದು ಗುಹೆಯಲ್ಲಿ. ಈ ಗುಹೆಗಳಿಗೆ ದುಡ್ಡು ಕೊಟ್ಟವರ ಹೆಸರುಗಳನ್ನು ಬ್ರಾಹ್ಮಿ ಅಕ್ಷರದಲ್ಲಿ ಕೆತ್ತಿದ್ದಾರೆ. ಓದಿದರೆ ಸಂತೆಯ ಪಟ್ಟಿಯಂತಿದೆ. ಧಾನ್ಯದ ವ್ಯಾಪಾರಿಗಳ ಸಂಘ ಒಂದು ಗುಹೆಯನ್ನೂ ನೀರಿನ ತೊಟ್ಟಿಯನ್ನೂ ಕೊಟ್ಟಿದೆ. ಬಿದಿರು ಕೆಲಸದವರ ಸಂಘದಲ್ಲಿ, ಕಂಚುಗಾರರ ಸಂಘದಲ್ಲಿ ಯಾರೋ ದಾನದ ಹಣ ಇಟ್ಟಿದ್ದಾರೆ. ಕಾಕೂ ಇದನ್ನು ಕೇಳಿ "ಫಿಕ್ಸೆಡ್ ಡಿಪಾಸಿಟ್ಟು ಅನ್ನು" ಅಂದರು. ಯವನರು, ಅಂದರೆ ಗ್ರೀಕ್ ಮೂಲದವರು ಎನ್ನಬಹುದಾದವರೂ ಇದ್ದಾರೆ. ಅವರಲ್ಲಿ ಇರಿಲ ಎಂಬಾತ ಎರಡು ನೀರಿನ ತೊಟ್ಟಿ ಕೊಟ್ಟ. ಚಿಟ ಎಂಬಾತ ಭಿಕ್ಷುಗಳಿಗೆ ಊಟದ ಮನೆ ಕಟ್ಟಿಸಿದ. ಎರಡು ಸಾವಿರ ವರ್ಷದ ಹಿಂದೆ ಪರಊರಿನಿಂದ ಬಂದು ಊಟದ ಮನೆ ಕಟ್ಟಿಸಿದವನ ಮೇಲೆ, ಪುಣೆಯಲ್ಲಿ ಕೂತು ಸಂಘದ ಊಟದ ಲೆಕ್ಕ ಬರೆಯುವ ನಮಗೆ ಸ್ವಲ್ಪ ಪ್ರೀತಿ ಹುಟ್ಟಬೇಕು.

ಸಂತೆಯಲ್ಲಿ ನೀಲಿ ತಾಡಪಾಲುಗಳು. ಹಳೇ ವಾಡೆಗಳ ಮರದ ಕಂಬಕ್ಕೂ ಎದುರಿನ ಕರೆಂಟ್ ಕಂಬಕ್ಕೂ ಹಗ್ಗ ಬಿಗಿದು ತಾಡಪಾಲು ಕಟ್ಟಿರುತ್ತಾರೆ. ಮಧ್ಯದಲ್ಲಿ ನೀರು ತುಂಬಿ ಹೊಟ್ಟೆ ಬಂದಾಗ ಒಬ್ಬ ಹುಡುಗ ಕೋಲಿನಿಂದ ತಿವಿಯುತ್ತಾನೆ, ಕೆಳಗಿದ್ದವರು ಚೀರುತ್ತ ಓಡುತ್ತಾರೆ. ಆ ನೀಲಿಯ ಕೆಳಗೆ ಎಲ್ಲರ ಮುಖಕ್ಕೂ ನೀಲಿ ಬೆಳಕು, ಟೊಮೆಟೊ ಕೂಡ ನೇರಳೆ ಹಣ್ಣಿನಂತೆ ಕಾಣುತ್ತದೆ. ವೈಟ್ ಬ್ಯಾಲೆನ್ಸ್ ಸರಿ ಮಾಡಿ ಸೋತು ನಾನು ಅದನ್ನು ಹಾಗೇ ಬಿಟ್ಟೆ. ಇಲ್ಲಿಯ ಬಣ್ಣವೇ ಅದು.

ಒಂಬತ್ತೂವರೆಗೆ ಮಳೆ ಜೋರಾಯಿತು. ಹತ್ತಿರ ಕಂಡ ತಾಡಪಾಲಿನ ಕೆಳಗೆ ನುಗ್ಗಿದೆವು. ಅಲ್ಲಿ ಒಬ್ಬ ಆಜಿ ಕೂತಿದ್ದರು. ಒಂಬತ್ತು ಗಜದ ಸೀರೆ, ತಲೆಯ ಮೇಲೆ ಗೊಬ್ಬರದ ಚೀಲ ಮಡಿಸಿದ ಕೊಪ್ಪೆ, ಮುಂದೆ ಮಡಹಾಗಲಕಾಯಿಯ ಗುಡ್ಡೆಗಳು, ಎರಡು ಕಟ್ಟು ಚಗತೆ ಸೊಪ್ಪು. ಮಳೆ ಬಿದ್ದ ಮೇಲೆ ಗುಡ್ಡದಲ್ಲಿ ತಾನಾಗಿ ಬರುವ ಇವನ್ನು ಪಶ್ಚಿಮದ ಹಳ್ಳಿಗಳ ಹೆಂಗಸರು ಆಯ್ದು ತರುತ್ತಾರೆ. ಬೆನ್ನ ಹಿಂದೆ ಕತ್ತಲೆಯ ಬಾಗಿಲು, ಮುಂದೆ ಬೀಳುವ ಮಳೆ. ನನ್ನ ಸ್ಲೈಡಿನಲ್ಲಿದ್ದ ಮಾದರಿ ಫೋಟೋ ಎದುರಿಗೇ ಬಂದು ಕೂತ ಹಾಗೆ. ನಾನು ಕ್ಯಾಮೆರಾ ಎತ್ತಿದೆ.

ಆಜಿ ಸೆರಗು ಎಳೆದು ಮುಖ ಮುಚ್ಚಿಕೊಂಡರು. ಇದು ನನಗೆ ಹೊಸದಲ್ಲ. ಇಂಥ ಹೊತ್ತಿಗೆಂದೇ ಒಂದು ನಗು ಇಟ್ಟುಕೊಂಡಿದ್ದೇನೆ. "ಒಂದೇ ಒಂದು ಆಜಿ, ನಿಮಗೂ ಕಳಿಸ್ತೀನಿ" ಅಂದೆ.

ಸೆರಗಿನ ಒಳಗಿಂದಲೇ ಉತ್ತರ ಬಂತು. "ಹಳೇ ಫೋಟೋ ಮೊದಲು ಕೊಡು."

ನನಗೆ ಅರ್ಥವಾಗಲಿಲ್ಲ. ಕಾಕೂ ಪಕ್ಕದ ಕ್ರೇಟ್ ಬೋರಲು ಹಾಕಿ ಕೂತು, ಮಡಹಾಗಲ ನೀವು ಬೀಜ ತೆಗೆದು ಮಾಡುತ್ತೀರಾ ಇಟ್ಟೇ ಮಾಡುತ್ತೀರಾ ಎಂದು ಮಾತು ಶುರುಮಾಡಿದರು. ಎರಡು ಗುಡ್ಡೆ ಕೊಂಡರು. ಹತ್ತು ನಿಮಿಷದ ಮೇಲೆ ವಿಷಯ ಹೊರಬಂತು. ಮೂರು ನಾಲ್ಕು ವರ್ಷದ ಹಿಂದೆ ಇದೇ ಜಾಗದಲ್ಲಿ ಪ್ಯಾಂಟು ಹಾಕಿದ, ಕ್ಯಾಮೆರಾ ಹಿಡಿದ ಒಬ್ಬ ಹುಡುಗಿ ಬಂದಿದ್ದಳು. ಆಗ ಆಜಿಯ ಯಜಮಾನರೂ ಜೊತೆಗೆ ಕೂರುತ್ತಿದ್ದರು. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಅವರ ಟೋಪಿ ಸರಿಮಾಡಿಸಿ, ಫೋಟೋ ತೆಗೆದು, ತೋರಿಸಿ, "ಮುಂದಿನ ಸಲ ತರ್ತೀನಿ" ಅಂದು ಹೋದಳು. ಆ ಮುಂದಿನ ಸಲ ಬರಲೇ ಇಲ್ಲ. ಮರುವರ್ಷ ಯಜಮಾನರು ತೀರಿಕೊಂಡರು. ಅವರಿಬ್ಬರೂ ಒಟ್ಟಿಗಿರುವ ಫೋಟೋ ಮನೆಯಲ್ಲಿ ಒಂದೂ ಇಲ್ಲ.

"ಆಧಾರ್ ಕಾರ್ಡಿನಲ್ಲಿ ಇರುತ್ತಲ್ಲ" ಎಂದು ನಮ್ಮಲ್ಲೊಬ್ಬಳು ಮೆಲ್ಲಗೆ ಅಂದಳು.

"ಅದರಲ್ಲಿ ಅವರು ಅವರ ಹಾಗೇ ಇಲ್ಲ" ಅಂದರು ಆಜಿ. ಆಮೇಲೆ ನನ್ನ ಕಡೆ ತಿರುಗಿ, "ನೀನೇನಾ ಪೋರೀ ಅವಳು?" ಎಂದು ಕೇಳಿದರು.

ಅಲ್ಲ ಎಂದು ಹೇಳಲಿಕ್ಕೆ ನನಗೆ ಬಾಯಿ ಬರಲಿಲ್ಲ. ಏಕೆಂದರೆ 2019ರ ಮಳೆಗಾಲದಲ್ಲಿ ಆಫೀಸಿನ ಫೋಟೋ ಗುಂಪಿನ ಜೊತೆ ನಾನು ಇದೇ ಜುನ್ನರಕ್ಕೆ, ಇದೇ ಬೀದಿಗೆ ಬಂದಿದ್ದೆ. ಪ್ಯಾಂಟು ಹಾಕಿದ್ದೆ, ಕ್ಯಾಮೆರಾ ಇತ್ತು. ಎಷ್ಟೋ ಜನಕ್ಕೆ "ಕಳಿಸ್ತೀನಿ" ಅಂದಿದ್ದೆ. ಆಜಿಯ ಮೂರು ನಾಲ್ಕು ವರ್ಷ ನಿಜಕ್ಕೂ ಎಷ್ಟು ವರ್ಷವೋ ಯಾರಿಗೆ ಗೊತ್ತು! "ನೆನಪಿಲ್ಲ ಆಜಿ, ಮನೆಗೆ ಹೋಗಿ ಹುಡುಕುತ್ತೇನೆ" ಅಂದೆ. ಆಜಿ ಏನೂ ಅನ್ನಲಿಲ್ಲ. ಕಾಕೂಗೆ ಒಂದು ಹಿಡಿ ಕಾಯಿ ಮೇಲೆ ಹಾಕಿಕೊಟ್ಟರು.

ಆ ಬೆಳಿಗ್ಗೆ ಮತ್ತೆ ನಾನು ಯಾರ ಮುಖಕ್ಕೂ ಕ್ಯಾಮೆರಾ ಹಿಡಿಯಲಿಲ್ಲ. ಕೊಡೆಗಳು, ಕಂಬಗಳು, ಹೆಂಚಿನಿಂದ ಇಳಿಯುವ ನೀರು, ಜಿನುಗು ಮಳೆಯಲ್ಲಿ ಸೌದಾಗರ್ ಗುಮ್ಮಟ, ಇಷ್ಟೇ. ಚಂದದ ಫೋಟೋಗಳು, ಯಾವುದೇ ಕ್ಯಾಲೆಂಡರಿಗೆ ಆಗುತ್ತವೆ.

ಮಧ್ಯಾಹ್ನ ನಾಣೆಘಾಟ್ ಕಡೆ ಹೊರಟೆವು, ಜುನ್ನರದಿಂದ ಪಶ್ಚಿಮಕ್ಕೆ ಸುಮಾರು ಒಂದು ಗಂಟೆಯ ದಾರಿ. ಎರಡೂ ಕಡೆ ಕೆಸರು ಗದ್ದೆ, ನಾಟಿ ಮಾಡುವ ಹೆಂಗಸರು, ಎಲ್ಲರ ತಲೆಯ ಮೇಲೂ ಅದೇ ಕೊಪ್ಪೆ. ಮೇಲೆ ಹೋದರೆ ಜನವೋ ಜನ. ಕಣಿವೆಯಿಂದ ನುಗ್ಗುವ ಗಾಳಿ ಬಂಡೆಗೆ ಹೊಡೆದು ಬೀಳುವ ನೀರನ್ನು ಮೇಲಕ್ಕೇ ಎರಚುತ್ತದೆ. ಅದನ್ನು ನೋಡಲು, ಅದರಲ್ಲಿ ನೆನೆದು ರೀಲ್ ಮಾಡಲು ಎಲ್ಲರೂ ಬರುತ್ತಾರೆ. ನಾವೂ ನೋಡಿದೆವು, ನೆನೆದೆವು. ದಾರಿಯ ಬಾಯಲ್ಲೇ ಕಲ್ಲಿನಲ್ಲಿ ಕಡೆದ ದೊಡ್ಡ ಕೊಡ ಒಂದಿದೆ. ಘಾಟ್ ಹತ್ತಿ ಬಂದ ವ್ಯಾಪಾರಿಗಳು ಸುಂಕದ ನಾಣ್ಯವನ್ನು ಅದರೊಳಗೆ ಹಾಕುತ್ತಿದ್ದರಂತೆ. ಮರಾಠಿಯ ನಾಣೆ, ನಮ್ಮ ನಾಣ್ಯ. ಬರುವಾಗ ಫಾಸ್ಟ್ಯಾಗಿನಲ್ಲಿ ದುಡ್ಡಿಲ್ಲದೆ ಟೋಲ್‌ನಲ್ಲಿ ಬೈಸಿಕೊಂಡಿದ್ದ ನನ್ನನ್ನು ಕಾಕೂ ಆ ಕೊಡದ ಮುಂದೆ ನಿಲ್ಲಿಸಿ ಫೋಟೋ ತೆಗೆದರು.

ನನಗೆ ಬೇಕಾದದ್ದು ಅಲ್ಲಿಯ ಗುಹೆ. ಅದರ ಪಕ್ಕದ ಗೋಡೆಗಳ ಮೇಲೆ ಉದ್ದನೆಯ ಬ್ರಾಹ್ಮಿ ಶಾಸನವಿದೆ. ಸಾಮಾನ್ಯವಾಗಿ ಅದನ್ನು ಶಾತವಾಹನ ರಾಣಿ ನಾಗನಿಕಾಳ ಶಾಸನ ಎನ್ನುತ್ತಾರೆ. ಯಜ್ಞಗಳು, ದಾನ ಕೊಟ್ಟ ಹಸುಗಳು, ಕುದುರೆಗಳು, ನಾಣ್ಯಗಳು, ಎಲ್ಲದರ ಲೆಕ್ಕವೂ ಅಂಕಿಗಳಲ್ಲಿ ಇದೆ. ಭಾರತದಲ್ಲಿ ಸಿಕ್ಕ ಬಹಳ ಹಳೆಯ ಅಂಕಿಗಳಲ್ಲಿ ಇವೂ ಸೇರಿವೆ. 19ನೇ ಶತಮಾನದಲ್ಲಿ ಭಗವಾನ್‌ಲಾಲ್ ಇಂದ್ರಜಿ ಇವನ್ನು ಅಂಕಿಗಳೆಂದು ಗುರುತಿಸಿದರು. ಸೊನ್ನೆ ಇಲ್ಲ, ಸ್ಥಾನಬೆಲೆ ಇಲ್ಲ. ಹತ್ತಕ್ಕೆ ಬೇರೆ ಗುರುತು, ನೂರಕ್ಕೆ ಬೇರೆ, ಸಾವಿರಕ್ಕೆ ಬೇರೆ. ಸಾವಿರದ ಗುರುತಿಗೆ ನಾಲ್ಕನ್ನು ಅಂಟಿಸಿದರೆ ನಾಲ್ಕು ಸಾವಿರ. ಎಂ.ಟೆಕ್. ಮಾಡುವಾಗ ಸಂಖ್ಯಾಪದ್ಧತಿಯ ಮೊದಲ ಪಾಠವನ್ನು ಯಾರಾದರೂ ಇಲ್ಲಿಂದ ಶುರುಮಾಡಿದ್ದರೆ ನಾನು ಆ ತರಗತಿಯಲ್ಲಿ ನಿದ್ದೆ ಮಾಡುತ್ತಿರಲಿಲ್ಲ.

ಫೋಟೋ ಮಾತ್ರ ಬರಲಿಲ್ಲ. ಮೋಡದ ಬೆಳಕು ಎಲ್ಲ ಕಡೆಯಿಂದ ಒಂದೇ ಸಮ ಬೀಳುವುದರಿಂದ ಕೆತ್ತಿದ ಅಕ್ಷರಕ್ಕೆ ನೆರಳೇ ಇರುವುದಿಲ್ಲ, ಅಕ್ಷರ ಗೋಡೆಯೊಳಗೆ ಕರಗುತ್ತದೆ. ಶಾಸನಕ್ಕೆ ಓರೆ ಬೆಳಕು ಬೇಕು. ಗೆಳತಿ ಬದಿಯಿಂದ ಫೋನಿನ ಟಾರ್ಚ್ ಹಿಡಿದಾಗ ಒಂದೆರಡು ಸಾಲು ಎದ್ದು ಬಂದವು. ಸೀಮೆಸುಣ್ಣ, ನೀರು ಹಾಕಿ ಅಕ್ಷರ ಎಬ್ಬಿಸುವ ಕೆಲಸ ದಯವಿಟ್ಟು ಯಾರೂ ಮಾಡಬೇಡಿ.

ಹಿಂದಿನ ಗೋಡೆಯಲ್ಲಿ ಒಂದು ಕಾಲಕ್ಕೆ ಎಂಟು ಆಳೆತ್ತರದ ಶಿಲ್ಪಗಳಿದ್ದವು. ರಾಜ ಸಿಮುಕ, ರಾಣಿ ನಾಗನಿಕಾ, ಅವಳ ಗಂಡ ಸಾತಕರ್ಣಿ, ರಾಜಕುಮಾರರು, ಒಬ್ಬ ಮಹಾರಠಿ. ಅಂದರೆ ಒಂದು ಮನೆತನದ ಫ್ಯಾಮಿಲಿ ಫೋಟೋ. ಈಗ ಆ ಶಿಲ್ಪಗಳಿಲ್ಲ, ಕಾಲಿನ ಭಾಗದ ಒಂದಿಷ್ಟು ಕುರುಹು ಬಿಟ್ಟರೆ ಬರೀ ಬಂಡೆ. ಆದರೆ ತಲೆ ಇದ್ದ ಜಾಗದ ಮೇಲೆ ಅವರ ಹೆಸರುಗಳನ್ನು ಕೆತ್ತಿದ್ದು ಉಳಿದಿದೆ. ಹೆಸರುಗಳಿವೆ, ಮುಖಗಳಿಲ್ಲ.

ಅಲ್ಲಿ ನಿಂತಾಗ ನನಗೆ ಮನೆಯ ಬೀರುವಿನಲ್ಲಿರುವ ಮೂರು ಹಾರ್ಡ್ ಡಿಸ್ಕ್ ನೆನಪಾದವು. ನಲವತ್ತು ಸಾವಿರ ಫೋಟೋ. ಬಳೆ ಮಾರುವವರು, ಹಮಾಲರು, ಚಹಾದವರು, ಹೂವಿನವರು. ಎಲ್ಲ ಮುಖಗಳೂ ಸ್ಪಷ್ಟ, ರೆಪ್ಪೆ ಕೂಡ ಎಣಿಸಬಹುದು. ಒಬ್ಬರ ಹೆಸರೂ ನನಗೆ ಗೊತ್ತಿಲ್ಲ.

ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಹತ್ತಿರ ಕನಗನಹಳ್ಳಿ ಇದೆ. ಅಲ್ಲಿಯ ಸ್ತೂಪದ ಕಲ್ಲುಗಳಲ್ಲಿ ಅಶೋಕನ ಶಿಲ್ಪವಿದೆ, ಮೇಲೆ "ರಾಯ ಅಶೋಕೋ" ಎಂದು ಬರೆದಿದೆ. ಶಾತವಾಹನ ರಾಜರ ಶಿಲ್ಪಗಳೂ ಹೆಸರು ಸಮೇತ ಇವೆ. ಅಲ್ಲಿ ಮುಖವೂ ಇದೆ, ಹೆಸರೂ ಇದೆ. ಇನ್ನೊಂದು ಮಾತು, ಜುನ್ನರದ ಮಳೆ ಕುಕಡಿ ನದಿಗೆ ಬೀಳುತ್ತದೆ, ಕುಕಡಿ ಘೋಡ್ ನದಿಗೆ, ಘೋಡ್ ಭೀಮೆಗೆ. ಆ ಭೀಮೆಯ ದಂಡೆಯ ಮೇಲೇ ಸನ್ನತಿ. ಆವತ್ತು ನಮ್ಮ ಕೊಡೆಯಿಂದ ಇಳಿದ ನೀರು ನನ್ನ ತವರಿನ ಕಡೆಗೇ ಹೊರಟಿತ್ತು ಅಂತ ಮನೆಗೆ ಬಂದು ಮ್ಯಾಪ್ ನೋಡಿದ ಮೇಲೆ ತಿಳಿಯಿತು.

ಆ ರಾತ್ರಿಯಿಂದ ಹುಡುಕಿದೆ. 2019ರ ಫೋಲ್ಡರಿನಲ್ಲಿ ಜುನ್ನರದ ಫೋಟೋ 612. ಆಫೀಸಿನಲ್ಲಿ ಡೇಟಾಬೇಸ್ ಶಿಸ್ತಿನ ಬಗ್ಗೆ ಹೊಸಬರಿಗೆ ಪಾಠ ಹೇಳುವವಳ ಫೋಲ್ಡರಿನ ಹೆಸರು "ಜುನ್ನರ್ ನ್ಯೂ ಫೈನಲ್ 2". ಎರಡು ರಾತ್ರಿ ಒಂದೊಂದಾಗಿ ನೋಡಿದೆ. ಆಜಿ ಇರಲಿಲ್ಲ. ಒಂದು ಫೋಟೋದ ಮೂಲೆಯಲ್ಲಿ, ಅದೇ ಬಾಗಿಲಿನ ಮುಂದೆ, ಬಿಳೀ ಟೋಪಿಯ ಒಬ್ಬ ಮುದುಕರು ಸ್ವಲ್ಪ ಮಸುಕಾಗಿ ಕಂಡರು. ಅದನ್ನು ದೊಡ್ಡದು ಮಾಡಿ, ಮಸುಕು ತೆಗೆಯಲು ಇರುವ ಸಾಫ್ಟ್‌ವೇರ್ ಎಲ್ಲ ಹಾಕಿ ನೋಡಿ, ಕೊನೆಗೆ ಅದು ಬಿಡಿಸಿದ ಮುಖ ನಿಜದ್ದಲ್ಲ, ಅದರ ಕಲ್ಪನೆ ಎಂದು ಹೊಳೆದು ಮೂಲ ಫೋಟೋವನ್ನೇ ಪ್ರಿಂಟ್ ಹಾಕಿಸಿದೆ. ಜೊತೆಗೆ "ಕಳಿಸ್ತೀನಿ" ಎಂದು ಹೇಳಿದ್ದು ಖಂಡಿತ ನೆನಪಿದ್ದ ಐದು ಜನರದ್ದೂ ಹಾಕಿಸಿದೆ. ಒಂದು ಪ್ರಿಂಟಿಗೆ ಒಂದು ಪ್ಲೇಟ್ ಮಿಸಳಿನಷ್ಟೂ ಖರ್ಚಿಲ್ಲ. ಇಷ್ಟು ವರ್ಷ ಯಾಕೆ ಮಾಡಲಿಲ್ಲ ಎನ್ನುವುದಕ್ಕೆ ನನ್ನ ಹತ್ತಿರ ಕಾರಣವಿಲ್ಲ. ಮರೆತೆ ಅನ್ನುವುದು ಪೂರ್ತಿ ನಿಜವಲ್ಲ. ಫೋಟೋ ಸಿಕ್ಕ ಮೇಲೆ ಅವರು ನನಗೆ ಬೇಕಿರಲಿಲ್ಲ, ಅಷ್ಟೇ.

ಆಗಸ್ಟಿನಲ್ಲಿ ಮತ್ತೊಂದು ಸಂತೆಯ ದಿನ ಕಾಕೂನ ಕರೆದುಕೊಂಡು ಹೋದೆ. ಐವರಲ್ಲಿ ಮೂವರು ಸಿಕ್ಕರು. ಬಳೆಯವರು ಫೋಟೋ ನೋಡಿ "ಆಗ ನಾನು ತೆಳ್ಳಗಿದ್ದೆ" ಅಂದು ಅಕ್ಕಪಕ್ಕದ ಅಂಗಡಿಗೆಲ್ಲ ತೋರಿಸಿ ಬಂದರು. ಒಬ್ಬ ತಗಡಿನ ಡಬ್ಬಿ ಬೆಸೆಯುವವರ ಅಂಗಡಿ ಈಗ ಮೊಬೈಲ್ ಅಂಗಡಿ, ಅವರು ಎಲ್ಲಿದ್ದಾರೆಂದು ಯಾರಿಗೂ ಗೊತ್ತಿಲ್ಲ. ಐದನೆಯವರು ಹೂವಿನ ಹೆಂಗಸು. ಅವರ ಜಾಗದಲ್ಲಿ ಸೊಸೆ ಕೂತಿದ್ದಳು. ಫೋಟೋ ತೆಗೆದುಕೊಂಡು ಬಹಳ ಹೊತ್ತು ನೋಡಿ, ಚೀಲದಲ್ಲಿಟ್ಟುಕೊಂಡು, ನನಗೆ ಒಂದು ಮೊಳ ಮಲ್ಲಿಗೆ ಕೊಟ್ಟಳು. ಏನಾಯಿತು ಎಂದು ನಾನು ಕೇಳಲಿಲ್ಲ.

ಆಜಿ ಅದೇ ತಾಡಪಾಲಿನ ಕೆಳಗಿದ್ದರು. ಪ್ರಿಂಟ್ ಕೈಗೆ ಕೊಟ್ಟೆ. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಪ್ರಾಜೆಕ್ಟ್ ಲೈವ್ ಮಾಡುವಾಗಲೂ ಹಾಗೆ ಆಗಿರಲಿಲ್ಲ. ಹತ್ತಿರ ಹಿಡಿದು ನೋಡಿದರು, ದೂರ ಹಿಡಿದು ನೋಡಿದರು.

"ಇವನು ಅವರಲ್ಲ. ಈರುಳ್ಳಿಯವನು ಇವನು. ಅಲ್ಲೇ ಕೂತಿದ್ದಾನೆ ನೋಡು!"

ತಿರುಗಿ ನೋಡಿದರೆ ಬಿಳೀ ಟೋಪಿಯ ಅಜ್ಜ ಎದುರು ಸಾಲಿನಲ್ಲಿ ಈರುಳ್ಳಿ ತೂಗುತ್ತಿದ್ದಾರೆ. ಆಜಿ ನಕ್ಕರು. ಕಾಕೂನೂ ನಕ್ಕರು. ಈರುಳ್ಳಿ ಅಜ್ಜನನ್ನು ಕರೆಸಿ ಫೋಟೋ ಕೊಟ್ಟದ್ದಾಯಿತು, ಅವರಿಗೆ ಮಸುಕಾಗಿದೆ ಎಂದು ಬೇಸರ. ನನಗೆ ನಗು ಬರಲಿಲ್ಲ. ಆಜಿಯ ಯಜಮಾನರ ಫೋಟೋ ಇವತ್ತಿಗೂ ಯಾರದೋ ಹಾರ್ಡ್ ಡಿಸ್ಕಿನಲ್ಲಿ ಇದೆ. ಚಂದ ಬಂದಿರಬಹುದು, ಯಾವುದಾದರೂ ಪ್ರದರ್ಶನಕ್ಕೂ ಹೋಗಿರಬಹುದು. ಕೆಳಗೆ "ಜುನ್ನರದ ವೃದ್ಧ ದಂಪತಿ" ಎಂದು ಬರೆದಿರುತ್ತಾರೆ. ನನಗೆ ಗೊತ್ತು, ನಾನೂ ಹಾಗೆಯೇ ಬರೆಯುತ್ತಿದ್ದೆ. ಇಲ್ಲಿ ಕೂತವರಲ್ಲಿ, ನಿಮ್ಮ ಮನೆಯವರಲ್ಲಿ, ಯಾರಾದರೂ ಜುನ್ನರದ ಸಂತೆಗೆ ಕ್ಯಾಮೆರಾ ಹಿಡಿದು ಹೋಗಿದ್ದರೆ ದಯವಿಟ್ಟು ಒಮ್ಮೆ ಹುಡುಕಿ ನೋಡಿ. ಹಿಂದೆ ಮರದ ಬಾಗಿಲು, ಮುಂದೆ ಕಾಡು ಸೊಪ್ಪು, ಪಕ್ಕದಲ್ಲಿ ಟೋಪಿಯವರು.

ಹೊರಡುವಾಗ ಆಜಿ ಕೊಪ್ಪೆ ತೆಗೆದು ಪಕ್ಕಕ್ಕಿಟ್ಟು, ಕೂದಲು ಒತ್ತಿಕೊಂಡು, "ಈಗ ತೆಗಿ" ಅಂದರು. "ಹೆಸರೂ ಬರ್ಕೋ." ಹೇಳಿದರು, ಬರೆದುಕೊಂಡೆ. ಯಜಮಾನರ ಹೆಸರನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ, ಪಕ್ಕದವಳಿಂದ ಹೇಳಿಸಿದರು. ಅದನ್ನೂ ಬರೆದುಕೊಂಡೆ. ಎರಡನ್ನೂ ನಿಮಗೆ ಹೇಳುವುದಿಲ್ಲ, ಅದಕ್ಕೆ ಅವರನ್ನು ಕೇಳಿಲ್ಲ.

ನಾನು ತೆಗೆದದ್ದು ಮೂರೇ ಫೋಟೋ. ಮೊದಲನೆಯದರಲ್ಲಿ ಕಣ್ಣು ಮುಚ್ಚಿದ್ದಾರೆ. ಎರಡನೆಯದರಲ್ಲಿ ತಾಡಪಾಲಿನ ನೀರು ಬಿದ್ದು ಎಲ್ಲರೂ ಓಡುತ್ತಿದ್ದಾರೆ. ಮೂರನೆಯದು ಸರಿಯಾಗಿದೆ, ಮುಖ ಸ್ವಲ್ಪ ನೀಲಿ. "ಎರಡು ವಾರದಲ್ಲಿ ತರಬೇಕು, ಇಲ್ಲಾಂದ್ರೆ ಮತ್ತೆ ಬರಬೇಡ" ಎಂದು ಹೇಳಿ ಕಳಿಸಿದ್ದಾರೆ.

ಪ್ರಿಂಟ್ ಈ ಚೀಲದಲ್ಲಿದೆ. ಗಡುವು ನಾಳೆಯ ಸಂತೆಗೆ ಮುಗಿಯುತ್ತದೆ. ಕಾರಿನಲ್ಲಿ ಇನ್ನೂ ಎರಡು ಜಾಗ ಖಾಲಿ ಇದೆ, ಬರುವವರು ಊಟ ಆದ ಮೇಲೆ ನನಗೆ ಹೇಳಿ. ಐದೂವರೆ ಅಂದರೆ ಐದೂವರೆ, ಕಾಕೂ ಕಾಯುವುದಿಲ್ಲ. ಕೊಡೆ ತನ್ನಿ.